ಅರಗು

ಕೂತ್ಕೋ ತಮ್ಮಾ, ಮೊದಲು ಕೈ ಒರೆಸಿಕೋ.
ಒದ್ದೆ ಕೈಗೆ ಅರಗು ಒಗ್ಗುವುದಿಲ್ಲ.
ಇದು ದಮನ್‌ಹೂರ್ ಪುರಸಭೆಯ ಮುದ್ರೆ, ಹಿತ್ತಾಳೆ.
ಹದ್ದಿನ ಎಡರೆಕ್ಕೆ ಸವೆದಿದೆ, ನನ್ನ ಹೆಬ್ಬೆರಳೂ.
ಮೂವತ್ತೊಂಬತ್ತು ವರ್ಷ ಬಾಗಿಲು ಮುಚ್ಚಿದ್ದೇನೆ, ನಾನು, ಶಹಾತಾ,
ಒಂದನ್ನೂ ನನ್ನ ಸಿಟ್ಟಿಗೆ ಮುಚ್ಚಿದ್ದಲ್ಲ.

ಬತ್ತಿ ಸಣ್ಣಗಿರಲಿ. ಕುದಿಸಬೇಡ, ಕರಗಿಸು.
ಕುದಿದ ಅರಗು ಕಪ್ಪಾಗುತ್ತದೆ,
ಕಪ್ಪನ್ನು ಸಾಹೇಬರು ಒಪ್ಪುವುದಿಲ್ಲ.

ಆ ದವಾಖಾನೆಗೆ ಮೊದಲ ಸಲ ಹೋದದ್ದು
ಮುಚ್ಚಲಿಕ್ಕಲ್ಲ, ತೆರೆಯಲಿಕ್ಕೆ.
ಆಗ ಸರ್ಕಾರಕ್ಕೆ ಗಿರಣಿಯ ಕೆಂಬಾವುಟದವರ ಭಯ,
ಗಡ್ಡದವರು ಬೇಕಾಗಿದ್ದರು.
ಹಳೆಯ ಮುದ್ರೆ ಒಡೆದೆ, ಕೈ ಕುಲುಕಿದೆ,
ಸಕ್ಕರೆ ಜಾಸ್ತಿಯಾದ ಚಹಾ ಕುಡಿದು ಬಂದೆ.
ಡಾಕ್ಟರ್ ಬಹ್ಗತ್ ಅರ್ಧ ಪೌಂಡಿಗೆ ಹಲ್ಲು ಕೀಳುತ್ತಿದ್ದ,
ಸಿರಪ್ಪಿನ ಜೊತೆ ಒಂದು ಚಮಚ ಉಪದೇಶ.
ನನ್ನ ಇನ್ಸಾಫ್‌ಗೆ, ಒಂಬತ್ತು ವರ್ಷದವಳಿಗೆ,
ತಲೆ ಮುಚ್ಚಿಕೋ ಅಂದ.
ನಾನು ಸುಮ್ಮನಿದ್ದೆ.
ಸರ್ಕಾರಿ ಆಸ್ಪತ್ರೆಯ ಹಾಸಿಗೆಯಲ್ಲಿ ಬೆಕ್ಕು ಮರಿ ಹಾಕಿತ್ತು.

ಎಕ್ಸ್‌ರೇ ಯಂತ್ರ ಬಂತು, ಕೊಲ್ಲಿಯ ಯಾವನೋ ದೊರೆಯ ಉಡುಗೊರೆ,
ಹೆಸರಿನ ಫಲಕ ಸಮೇತ.
ಮುಂದೆ ಅದೇ ದೊರೆ ಅದೇ ಜನರನ್ನು
ಭಯೋತ್ಪಾದಕರ ಪಟ್ಟಿಗೆ ಸೇರಿಸಿದಾಗ
ಫಲಕದ ಸ್ಕ್ರೂ ಬಿಚ್ಚಿದವನೂ ನಾನೇ.
ಗೋಡೆಯಲ್ಲಿ ನಾಲ್ಕು ತೂತು ಈಗಲೂ ಇವೆ.

ನಡುವೆ ಎಷ್ಟು ಸಲ ಮುಚ್ಚಿದೆ, ಎಷ್ಟು ಸಲ ತೆರೆದೆ,
ರಿಜಿಸ್ಟರಿನಲ್ಲಿದೆ, ನೀನೇ ನೋಡಿಕೋ.
ಚುನಾವಣೆ ಹತ್ತಿರ ಬಂತು, ಮುಚ್ಚು.
ಭೂಮಿ ನಡುಗಿ ಮನೆಗಳು ಬಿದ್ದವು, ತೆರೆ,
ಕಂಬಳಿ ಹಂಚಲು ಅವರ ಬಿಟ್ಟರೆ ಯಾರಿದ್ದಾರೆ?
ಉಗುಳಲಿಕ್ಕಾಗದು, ನುಂಗಲಿಕ್ಕಾಗದು,
ಅರಗಿಸಿಕೊಳ್ಳುವ ಮಾತಂತೂ ದೂರ.

ಅವರು ಗೆದ್ದ ಒಂದು ವರ್ಷ ಇತ್ತಲ್ಲ,
ಚೌಕದಲ್ಲಿ ಶರಬತ್ತು ಹಂಚಿದರು.
ನಾನಂದುಕೊಂಡೆ, ಇನ್ನು ನನ್ನ ಕೆಲಸಕ್ಕೆ ಕಲ್ಲು ಬಿತ್ತು.
ಮೂರನೇ ತಿಂಗಳಿಗೆ ಬಹ್ಗತ್‌ನ ತಮ್ಮನ ಮಗ ಬಂದ, ಕಂಕುಳಲ್ಲಿ ಫೈಲು.
ಶಹಾತಾ ಚಿಕ್ಕಪ್ಪಾ, ಅರಗು ಇದೆಯಾ?
ಕಾಲುವೆ ದಂಡೆಯ ಟಾಕೀಸು.
ಅದೇ ಹಿತ್ತಾಳೆ, ಅದೇ ಹದ್ದು.

ಆಮೇಲೆ ಆ ಆಗಸ್ಟ್.
ಬಹ್ಗತ್‌ನನ್ನು ಮನೆಚಪ್ಪಲಿಯಲ್ಲೇ ಕರೆದೊಯ್ದರು.
ಚಿಲಕಕ್ಕೆ ದಾರ ಕಟ್ಟಿ, ಅರಗು ಸುರಿದು, ಒತ್ತಿದೆ.
ಒಳಗೆ ಏನೋ ಗುಂಯ್ ಅನ್ನುತ್ತಿತ್ತು.
ಫ್ರಿಜ್ಜು. ಯಾರೂ ಆರಿಸಿರಲಿಲ್ಲ.
ಹನ್ನೊಂದು ದಿನ ಅದೇ ಬೀದಿಯಲ್ಲಿ ಹೋದೆ, ಬಂದೆ.
ಗುಂಯ್.

ನನ್ನ ಹೆಂಡತಿ ದೌಲತ್. ನೀನು ನಗಬೇಡ,
ಪೇಟೆಯೆಲ್ಲ ನಕ್ಕಾಗಿದೆ:
ಗುಮಾಸ್ತ ಕಚೇರಿಯಲ್ಲೂ ದೌಲಾದ ಆಳು, ಮನೆಯಲ್ಲೂ.
ಅವಳಿಗೆ ಸಕ್ಕರೆ ಕಾಯಿಲೆ.
ಇಪ್ಪತ್ತು ವರ್ಷ ಅವಳ ಇನ್ಸುಲಿನ್ ಅಲ್ಲಿಂದಲೇ.
ಆ ತಿಂಗಳು ಅಂಗಡಿಗಳಲ್ಲಿ ಒಂದು ಶೀಶೆ ಇರಲಿಲ್ಲ,
ಅವಳ ಬಾಯಿಂದ ಕೊಳೆತ ಸೇಬಿನ ವಾಸನೆ ಬರುತ್ತಿತ್ತು.

ಈಗ ಹತ್ತಿರ ಬಾ. ಇದು ನಿಯಮಾವಳಿಯಲ್ಲಿಲ್ಲ.
ಕ್ಷೌರದ ಬ್ಲೇಡು. ದೀಪದ ಮೇಲೆ ಹಿಡಿ, ಹತ್ತು ಎಣಿಸು.
ಹದ್ದಿನ ಬಾಲದ ಕಡೆಯಿಂದ ಅಡಿಗೆ ತೂರಿಸು,
ರೊಟ್ಟಿ ಎಬ್ಬಿಸುವ ಹಾಗೆ, ನಿಧಾನ.
ಇಡಿಯಾಗಿ ಎದ್ದು ಬರುತ್ತದೆ.
ಅಂಗೈಯಲ್ಲಿ ಬೆಚ್ಚಗಿರುತ್ತದೆ, ಹಕ್ಕಿಮರಿಯಂತೆ.
ಒಳಗಿನ ಕೆಲಸ ಮುಗಿಸಿ ಮತ್ತೆ ಅಲ್ಲೇ ಕೂರಿಸು.

ಶೀಶೆಗಳ ಮೇಲೆ ಬಹ್ಗತ್‌ನ ಕೈಬರಹದ ಚೀಟಿಗಳು.
ದೌಲತ್‌ಳವು ಎರಡು.
ಅದರ ಹಿಂದೆ ಮೂರು, ಠಾಣೆಯ ದೊಡ್ಡ ಸಾಹೇಬರ ತಾಯಿಯವು,
ಬಾಗಿಲು ಮುಚ್ಚಿಸಿದನಲ್ಲ, ಅವನ ತಾಯಿ.
ಅವನ್ನೂ ಜೇಬಿಗೆ ಹಾಕಿಕೊಂಡೆ,
ರಾತ್ರಿ ಹಿತ್ತಲ ಬಾಗಿಲಲ್ಲಿ ಕೊಟ್ಟು ಬಂದೆ.
ಮುದುಕಿ ದೀಪ ಎತ್ತಿ ನನ್ನ ಬೆರಳು ನೋಡಿದಳು,
ಉಗುರಲ್ಲಿ ಕೆಂಪು.
ಏನೂ ಕೇಳಲಿಲ್ಲ.

ತಗೋ ಮುದ್ರೆ. ಬ್ಲೇಡು ಬೇರೆ ಇಟ್ಟುಕೋ, ಅದು ದಾಸ್ತಾನಿನಲ್ಲಿಲ್ಲ.
ಇಲ್ಲಿ ಸಹಿ ಹಾಕು.
ಮೊದಲು ಕೈ ಒರೆಸಿಕೋ ಅಂದೆನಲ್ಲ.