ದೋಣಿ ವಾಪಸು

ಸೆಪ್ಟೆಂಬರಿನಲ್ಲಿ ಇಂಗೆಗೆರ್ಡ್ ತನ್ನ ದೋಣಿಯನ್ನು ನನಗೆ ಕೊಟ್ಟಳು.
ದುಡ್ಡು ಬೇಡವೆಂದಳು. 'ಹುಟ್ಟು ಎರಡೂ ಗಟ್ಟಿ,
ನನ್ನ ಕಾಲೇ ಸರಿಯಿಲ್ಲ.'

ಎಸ್ಟರ್‌ಸುಂಡಿನಲ್ಲಿ ಇಪ್ಪತ್ತೆರಡು ವರ್ಷ
ನಾಲ್ಕನೇ ನಂಬರಿನ ಬಸ್ಸು ಓಡಿಸಿದ ಕಾಲು
ಒಂದು ಬೆಳಿಗ್ಗೆ ಬ್ರೇಕನ್ನು ತಡಕಾಡಿತಂತೆ,
ಕತ್ತಲಲ್ಲಿ ಚಪ್ಪಲಿ ಹುಡುಕಿದ ಹಾಗೆ.
ಎದೆಯ ಕೆಳಗೆ ಯಾರೋ ಬಿಗಿದ ಪಟ್ಟಿ.
ಸ್ಕ್ಯಾನಿನಲ್ಲಿ, ಬೆನ್ನುಹುರಿಯೊಳಗೆ, ಬೆಳ್ಳಗೆ ಏನೋ.
ಗಡ್ಡೆ ಎಂದರು. ಬೇರೆ ಪದ ಯಾರಿಗೂ ಹೊಳೆಯಲಿಲ್ಲ.

ಉಮಿಯೊಗೆ ಹೊರಡುವ ಮುನ್ನ
ನಾಯಿ ತಂಗಿ ಗುನ್‌ವೊರ್ ಮನೆಗೆ,
ಸ್ಕೀ ಅಂಚೆಯವನ ಮಗನಿಗೆ,
ಫ್ರೀಜರಿನ ಮೂಸ್ ಮಾಂಸ ಇಡೀ ಬೀದಿಗೆ.
ನಾನು ದೋಣಿಗೆ ಹಸಿರು ಬಣ್ಣ ಬಳಿದೆ.
ಹೆಸರನ್ನೂ ಬದಲಿಸಿದೆ. ಈಗ ಹೇಳಲು ನಾಚಿಕೆ.

ಬೆನ್ನು ಬಿಚ್ಚಿದರು. ಅಕ್ಕಿಕಾಳಿನಷ್ಟು ತೆಗೆದು
ಗಾಜಿನಡಿ ಇಟ್ಟು ನೋಡಿದರೆ
ಗಡ್ಡೆಯಲ್ಲ. ಅವಳದೇ ಜೀವಕೋಶಗಳು
ಯಾವ ಕಳ್ಳನೂ ಬಾರದ ಊರಲ್ಲಿ
ಗುಂಪುಗೂಡಿ ಕಾವಲು ಕೂತಿದ್ದವು.
ಸಾರ್ಕಾಯ್ಡೋಸಿಸ್.
ಫೋನಿನಲ್ಲಿ ಮೂರು ಸಲ ಬಿಡಿಸಿ ಹೇಳಿದಳು,
ನಾನು ಹಾಲಿನ ಪೊಟ್ಟಣದ ಮೇಲೆ ಬರೆದುಕೊಂಡೆ.
ತಪ್ಪಾಗಿಯೇ.

ಮೇ ತಿಂಗಳು. ಸರೋವರದ ಮಂಜು ಒಡೆಯುವ ಸದ್ದು.
ಸ್ಟೀರಾಯ್ಡಿನ ದುಂಡು ಮುಖ, ಕೈಯಲ್ಲಿ ಕೋಲು,
ಬಾಗಿಲಲ್ಲಿ ನಿಂತಿದ್ದಳು.
ಎಡಗಾಲು ಇನ್ನೂ ನೆಲವನ್ನು ನಂಬುತ್ತಿರಲಿಲ್ಲ.
ಬದುಕಿದ್ದಕ್ಕೆ ಕ್ಷಮೆ ಕೇಳುವವಳಂತೆ ಕೆಮ್ಮಿ
'ನೋಡು,' ಎಂದಳು, 'ಆ ದೋಣಿ...'

ಹಿತ್ತಲಿಗೆ ಕರೆದುಕೊಂಡು ಹೋದೆ. ನಿಧಾನವಾಗಿ.
ಮಗುಚಿಟ್ಟ ದೋಣಿಯ ಬೆನ್ನನ್ನು
ಕೋಲಿನಿಂದ ಎರಡು ಸಲ ತಟ್ಟಿದಳು.
'ಹಸಿರಾ?' ಎಂದಳು.
ಇನ್ನೇನೂ ಅನ್ನಲಿಲ್ಲ.