ಮಾಂಸ ಬಿಡಿಸುವವನ ಲೆಕ್ಕ

ನವೆಂಬರಿನಲ್ಲಿ ನನ್ನ ಷೆಡ್ಡಿಗೆ ಮೊದಲು ಬರುವುದು ಮಾತು,
ಆಮೇಲೆ ಮಿಗ.
ಪಿಕಪ್ಪಿನ ಹಿಂಬಾಗಿಲು ಇಳಿಸುವ ಮೊದಲೇ
ಎಷ್ಟು ಗಜ, ಗಾಳಿ ಯಾವ ಕಡೆ, ಎಲ್ಲಿ ತಗುಲಿತು.
ಮೊಂಟಾನಾದ ಈ ಶೋಟೋ ಊರಿನ ಗಂಡಸರು
ತಮ್ಮ ಮದುವೆಯ ತಾರೀಖನ್ನೂ
ಇಷ್ಟು ಕರಾರುವಾಕ್ಕಾಗಿ ನೆನಪಿಟ್ಟವರಲ್ಲ.
ನಾನು ಹ್ಞೂಂಗುಟ್ಟುತ್ತ ಕತ್ತಿ ಮಸೆಯುತ್ತೇನೆ.
ಮಾತು ಮುಗಿದ ಮೇಲೆ ಗಾಯ ನೋಡುತ್ತೇನೆ.
ಗಾಯ ಗಜ ಏರಿಸಿ ಹೇಳುವುದಿಲ್ಲ.

ವರ್ನೆಲ್ ಹ್ಯಾಸ್ಕೆಟ್ ಹೇಳಿದಳು:
ಇನ್ನೂರ ಹತ್ತು ಗಜ. ಅಪ್ಪಟ ತಾಮ್ರದ ಗುಂಡು.
ಹೊಡೆದೆ. ಎಲ್ಕ್ ತಲೆಯೆತ್ತಿ ನನ್ನನ್ನೇ ನೋಡಿತು,
ಬಾಯಲ್ಲಿದ್ದ ಹುಲ್ಲು ಹಾಗೇ.
ತಪ್ಪಿತು ಅಂದುಕೊಂಡೆ.
ಇನ್ನೊಂದು ತೋಟಾ ತುಂಬುವಷ್ಟರಲ್ಲಿ
ನಲವತ್ತು ಹೆಜ್ಜೆ ನಡೆದು
ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ ನಿಂತು
ಮಂಡಿಯೂರಿತು.

ಬಿಡಿಸಿ ನೋಡಿದೆ. ಎರಡು ಪುಪ್ಪುಸಕ್ಕೂ ಒಂದೇ ದಾರಿ,
ಆಚೆ ಪಕ್ಕೆಯಲ್ಲಿ ಹೆಬ್ಬೆರಳು ಹೋಗುವಷ್ಟು ಬಾಗಿಲು.
ತೂತಿನ ಅಂಚಿನವರೆಗೂ ತಿನ್ನಬಹುದು, ಎಂದೆ.
ಗುಂಡು?
ಅದು ಗುಡ್ಡದೊಳಗೆ ಎಲ್ಲೋ ತಣ್ಣಗಾಗುತ್ತಿರಬೇಕು.

ನನಗೆ ಸಿಕ್ಕಿದ್ದು ಒಂದೇ, ಬೇರೆ ಯಾರದೋ ಗೂಳಿ ಎಲ್ಕಿನ
ಭುಜದ ಚರ್ಮದ ಒಳಮೈಯಲ್ಲಿ,
ನಾಲ್ಕು ಎಸಳು ಬಿಚ್ಚಿ, ಒಂದೂ ಉದುರದೆ,
ಕಿವಿಯಿಂದ ಕಳಚಿದ ಓಲೆಯ ಹಾಗೆ.
ತೂಗಿದೆ. ಹೊರಟಾಗ ಎಷ್ಟೋ ಅಷ್ಟೇ.
ಉಪ್ಪಿನಕಾಯಿ ಭರಣಿಯಲ್ಲಿ ಇಟ್ಟಿದ್ದೇನೆ.
ಬಂದವರು ಹೂವು ಎನ್ನುತ್ತಾರೆ.
ಅದು ಮುರಿದ ಮೂಳೆಯನ್ನು ಆರಿಸಿದವನು ನಾನು, ಸುಮ್ಮನಿರುತ್ತೇನೆ.

ಎಲ್ಲವೂ ಹೀಗಲ್ಲ.
ಡೆಲ್ ಕ್ರೂಗರನ ಗುಂಡು ಬಿಚ್ಚಲೇ ಇಲ್ಲ,
ಗೋಣಿಯಲ್ಲಿ ದಬ್ಬಳ ಹಾಯ್ದ ಹಾಗೆ ಹಾಯಿತು.
ಹಿಮದ ಮೇಲೆ ಮೂರು ಹನಿ, ಆಮೇಲೆ ಅದೂ ಇಲ್ಲ.
ಎರಡು ದಿನ ಹುಡುಕಿದ. ಮೂರನೆಯ ದಿನ ಕಾಗೆಗಳು ಹೇಳಿದವು.
ಉಳಿದವರು ನಿಂತು ಕಥೆ ಹೇಳುತ್ತಾರೆ,
ಡೆಲ್ ಕೂತು ಹೇಳಿದ.

ಆರ್ವಿಡ್ ಬ್ರಾಂಡ್‌ವೋಲ್ಡ್ ಸೀಸದ ಕಡೆಯವನು.
ಅಜ್ಜನ ಬಂದೂಕಿಗೆ ತಾಮ್ರ ಒಗ್ಗುವುದಿಲ್ಲವಂತೆ,
ನಳಿಗೆಗೆ ಮೆತ್ತುತ್ತದಂತೆ,
ಐದು ಗುಂಡು ಐದು ಊರಿಗೆ ಹೋಗುತ್ತವಂತೆ,
ಮೇಲಾಗಿ ಆ ಬೆಲೆ!
ಸೀಸ ತಗುಲಿದರೆ ನಿಂತಲ್ಲೇ ಬೀಳುತ್ತದೆ, ಎನ್ನುತ್ತಾನೆ.
ಬೀಳುತ್ತದೆ, ಸುಳ್ಳಲ್ಲ.
ಬಿದ್ದದ್ದರ ಭುಜವಿಡೀ ಕಪ್ಪು ಲೋಳೆ,
ಹತ್ತು ಪೌಂಡು ಬಕೆಟ್ಟಿಗೆ.

ಹೋದ ವರ್ಷ ಕರುಳು ಬಿಟ್ಟುಬಂದ ಜಾಗಕ್ಕೆ
ಮತ್ತೆ ಹೋದವನು ಕೋಟಿನೊಳಗೆ ಹದ್ದು ತಂದ.
ಕೊರಳು ನಿಲ್ಲುತ್ತಿರಲಿಲ್ಲ ಅದಕ್ಕೆ,
ಕುಡಿದವರ ಹಾಗೆ.
ದನದ ಡಾಕ್ಟರು ಸೋಲ್ವೈ ರಕ್ತ ತೆಗೆದಳು.
ಆಮೇಲೆ, ಯಾಕೆ ತೋಚಿತೋ,
ನನ್ನ ಫ್ರೀಜರಿನ ಒಂದು ಕೈಮಾ ಪೊಟ್ಟಣವನ್ನೂ ಎಕ್ಸ್‌ರೇ ಕೆಳಗಿಟ್ಟಳು.

ಕಪ್ಪು ಹಾಳೆಯ ತುಂಬ
ಗಸಗಸೆ ಚೆಲ್ಲಿದ ಹಾಗೆ ಬಿಳಿ.

ಹದಿನೇಳು ವರ್ಷ
ಚರ್ಚಿನ ಅಡುಗೆಮನೆಗೆ ಪುಕ್ಕಟೆ ಅರೆದುಕೊಟ್ಟೆ,
ಪುಣ್ಯ ಬರಲಿ ಎಂದು.
ಹಳೆಯ ಯಂತ್ರವನ್ನು ಬಿಚ್ಚಿ ತೊಳೆದೆ, ಮತ್ತೆ ಬಿಚ್ಚಿ ತೊಳೆದೆ,
ಕೊನೆಗೆ ಗುಜರಿಗೆ ಹಾಕಿದೆ.
ಹದ್ದು ಬದುಕಲಿಲ್ಲ.

ಈ ಸಲ ಆರ್ವಿಡ್ ಸಣ್ಣದೊಂದು ಹೆಣ್ಣು ಜಿಂಕೆ ತಂದ.
ಗಾಯ ನೋಡಿದೆ, ಅವನನ್ನು ನೋಡಿದೆ.
ಎಷ್ಟು ಗಜ?
ಹತ್ತಿರದಿಂದ, ಎಂದ. ಅಷ್ಟೇ.
ಬಂದೂಕು ಅಜ್ಜನದಲ್ಲ, ಅಳಿಯನದು.

ಒಲೆಯ ಮೇಲೆ ಸಾಸೇಜು ಹುರಿದು ಮೊಮ್ಮಗಳಿಗೆ ಕೊಟ್ಟೆ.
ತಿನ್ನುತ್ತ ತಿನ್ನುತ್ತ ನಿಂತಳು ಹುಡುಗಿ,
ಏನೋ ಗಟ್ಟಿ ಸಿಕ್ಕಿ ಅಂಗೈಗೆ ಉಗುಳಿದಳು.
ನಾವಿಬ್ಬರೂ ಬಗ್ಗಿದೆವು, ತಲೆ ತಲೆ ತಗುಲುವಂತೆ.

ಮೆಣಸುಕಾಳು, ಎಂದು ನಕ್ಕಳು.
ಆರ್ವಿಡ್ ನಗಲಿಲ್ಲ.
ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೊಡ್ಡಿ,
ತನ್ನ ಹಲ್ಲಿಗೆ ಹಾಕಿ ಕಟ್ಟನೆ ಒಡೆದು,
ಖಾರವಾಗುವವರೆಗೆ ಕಾದ.