ಚಂದ್ರಮೌಳಿ ಟಾಕೀಸಿನ ಗಾಜು

ಮಂಡಕ್ಕಿ ಭಟ್ಟಿಯ ಮಸಿ ಹಿಡಿಸಿದ ಗಾಜಿನ ಮೇಲೆ
ದಸ್ತಗೀರ್ ಸಾಬರು ದಬ್ಬಣದಲ್ಲಿ ಗೀರಿದರು:
'ಮಿಲ್ಲಿನ ಕೊಟ್ರೇಶಿ ಕೂಡಲೇ ಮನೆಗೆ ಬರುವುದು.'

ಸೆಕೆಂಡ್ ಶೋ. ಪರದೆಯಲ್ಲಿ ರಾಜಕುಮಾರಿ ಅಳುತ್ತಿದ್ದಳಂತೆ,
ಅವಳ ಕೆನ್ನೆಯ ಮೇಲೇ ಬೆಳಗಿತು ಆ ಸಾಲು.
ನೆಲದ ಕ್ಲಾಸಿನಿಂದ ಮೂವರು ಕೊಟ್ರೇಶಿಗಳು ಎದ್ದರು,
ಮೂವರ ತಲೆಯಲ್ಲೂ ಹತ್ತಿಯ ಎಳೆ.
ಓದಲು ಬಾರದೆ,
ಪಕ್ಕದವನು ತಿವಿದದ್ದಕ್ಕೆ ಎದ್ದವನು ನಮ್ಮಪ್ಪ.

ಮಿಕ್ಕಿಬ್ಬರು ತಂತಮ್ಮ ಕದ ತಟ್ಟಿ,
ನಿದ್ದೆಗೆಟ್ಟ ಹೆಂಡಿರಿಂದ ಬೈಸಿಕೊಂಡು
ನಮ್ಮ ವಠಾರಕ್ಕೇ ಬಂದರು;
ಅರ್ಧ ಸಿನಿಮಾದ ದುಡ್ಡು ಹೋಯ್ತಲ್ಲೋ ಎಂದು ಗೊಣಗುತ್ತ
ಬಿಸಿನೀರಿಗೆ ಸೌದೆ ಒಡೆದರು.

ಮರುದಿನ ಟಿಕೆಟ್ ಕಿಂಡಿಯ ಮುಂದೆ ಎಲ್ಲರದೂ ಒಂದೇ ಮಾತು:
ಏನು ಕೂಸು?
ಹೆಣ್ಣು, ಅಂದರಂತೆ ಸಾಬರು
ಗಾಜು ಒರೆಸುತ್ತ.
ಅವತ್ತು ಯಾರದೋ ಎಮ್ಮೆ ಕಳೆದಿತ್ತು.

ದಾವಣಗೆರೆಗೆ ಬರುವ ಮೆಕ್ಕೆಜೋಳದ ಗೋದಾಮು ಅದೀಗ.
ಯಂತ್ರದ ಕೋಣೆಯ ಮಾಡು ಹಾರಿದೆ,
ಗೋಡೆಯ ಎರಡು ಕಿಂಡಿ ಹಾಗೇ ಇವೆ.
ನಾಲ್ಕರ ಬಿಸಿಲು ತೂರಿಬಂದು
ಮೂಟೆಗಳ ಮೇಲೆ ಚೌಕವಾಗಿ ಬೀಳುತ್ತದೆ,
ಒಳಗೆಲ್ಲ ಧೂಳಿನ ಕುಣಿತ.

ತೂಕದ ಚೀಟಿ ಬರೆಯುವ ನಾನು
ಪೆನ್ನು ನಿಲ್ಲಿಸಿ
ಒಮ್ಮೊಮ್ಮೆ ಓದಲು ನೋಡುತ್ತೇನೆ.